ಟಿ. ಅಂದರೆ ಏನು?

ಮೈಸೂರಿನ ಬಸ್ ನಿಲ್ದಾಣದಲ್ಲಿ ಇನಿಶಿಯಲ್ ಹೊತ್ತ ಊರುಗಳಿಗೆ ಬರವಿಲ್ಲ: ಎಚ್.ಡಿ. ಕೋಟೆ, ಕೆ.ಆರ್. ನಗರ, ಟಿ. ನರಸೀಪುರ. ಹಾಸನ ಜಿಲ್ಲೆಯ ನರಸೀಪುರಕ್ಕೆ ಹೊಳೆ ಅಂಟಿಕೊಂಡಿದೆ, ನಮ್ಮದಕ್ಕೆ ಟಿ. ಹಾಗೆ ನೋಡಿದರೆ ಹೊಳೆ ಇಲ್ಲಿ ಒಂದಲ್ಲ, ಎರಡಿವೆ. ನಂಜನಗೂಡನ್ನು ಬಳಸಿ ಬರುವ ಕಪಿಲೆ ಕಾವೇರಿಗೆ ಸೇರುವುದು ಇಲ್ಲೇ.

ಆ ಟಿ. ಒಂದು ಇಡೀ ಊರು: ತಿರುಮಕೂಡಲು. ಕನ್ನಡದ ಲೆಕ್ಕದಲ್ಲಿ ‘ತಿ.’ ಆಗಬೇಕಿದ್ದದ್ದು ಇಂಗ್ಲಿಷ್ ಅಕ್ಷರದ ದಾರಿ ಹಿಡಿದು ‘ಟಿ.’ ಆಗಿದೆ. ಎರಡು ನದಿಗಳ ನಡುವಿನ ನೆಲದಲ್ಲಿ ಅಗಸ್ತ್ಯೇಶ್ವರನ ತಿರುಮಕೂಡಲು. ಕಪಿಲೆಯಾಚೆ ಗುಂಜಾ ನರಸಿಂಹನ ನರಸೀಪುರ. ಒಂದು ಶೈವ, ಇನ್ನೊಂದು ವೈಷ್ಣವ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನರಸೀಪುರದವರು ಹೇಳುತ್ತಾರೆ. ಎದುರು ದಡದ ಅಗಸ್ತ್ಯೇಶ್ವರನ ಲಿಂಗ ಮರಳಿನದು ಎನ್ನುವುದು ಅಲ್ಲಿಯ ಐತಿಹ್ಯ.

ಹೆಸರಿನ ‘ತಿರು’ ತಮಿಳಿನದು. ‘ಕೂಡಲು’ ಎರಡೂ ಭಾಷೆಗಳ ಸ್ವತ್ತು, ಕೂಡಲಸಂಗಮ ನೆನಪಾಗದೆ ಇರದು. ಮೂರು ಕೂಡುವ ತಾಣ ಎಂಬುದು ಸಾಮಾನ್ಯ ವಿವರಣೆ. ಮೂರನೆಯದು ಕಣ್ಣಿಗೆ ಕಾಣದ ಗುಪ್ತಗಾಮಿನಿ. ಇದೇ ತಾಲ್ಲೂಕಿನ ತಲಕಾಡು 11ನೇ ಶತಮಾನದ ಆರಂಭದಲ್ಲಿ ಗಂಗರ ಕೈತಪ್ಪಿ ಚೋಳರ ರಾಜರಾಜಪುರವಾಗಿತ್ತು. ವಿಷ್ಣುವರ್ಧನ ಅದನ್ನು ಗೆದ್ದು ‘ತಲಕಾಡುಗೊಂಡ’ನಾದ. ಬಿರುದು ರಾಜನದಾಯಿತು, ತಿರು ಊರಲ್ಲೇ ಉಳಿಯಿತು. ಈ ತಮಿಳು ಪದರವನ್ನು ಹೇಳಲು ನಮ್ಮ ಸ್ಥಳಪುರಾಣಗಳು ಯಾಕೆ ಮುಜುಗರಪಡುತ್ತವೋ ನನಗೆ ಅರ್ಥವಾಗಿಲ್ಲ.

ಈಗ ಹೊರಗಿನವರಿಗೆ ಊರು ಗೊತ್ತಿರುವುದು ಕುಂಭಮೇಳದಿಂದ. ಅದು ಶುರುವಾದದ್ದು 1989ರಲ್ಲಿ. ಮೇಳ ತಪ್ಪೇನಲ್ಲ, ನಮ್ಮ ಮನೆಯವರೂ ಮುಳುಗೆದ್ದು ಬಂದಿದ್ದಾರೆ. ಆದರೆ ‘ದಕ್ಷಿಣದ ಪ್ರಯಾಗ’ ಎಂಬ ಫಲಕದಡಿ ಈ ಊರಿನ ಅತಿ ಹಳೆಯ ನಿವಾಸಿಗಳು ಮರೆಯಾಗಿದ್ದಾರೆ.

ಅವರಿದ್ದದ್ದು ಕಾವೇರಿಯ ಎಡದಂಡೆಯಲ್ಲಿ, ಭಿಕ್ಷೇಶ್ವರ ಗುಡಿಯ ಬಳಿ. 1959ರಿಂದ ಕೆಲವು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ, ಆಮೇಲೆ ಎಂ.ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ನಡೆಸಿದರು. ಸಿಕ್ಕಿದ್ದು ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ನವಶಿಲಾಯುಗದ ನೆಲೆ: ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿ, ಬೂದುಬಣ್ಣದ ಮಡಕೆ, ಮಡಕೆಗಳ ಜೊತೆ ಹೂಳಿದ ಮನುಷ್ಯರು. ಸುಟ್ಟ ಮಣ್ಣಿನ ತಲೆದಿಂಬುಗಳೂ ಸಿಕ್ಕವು. ತಲೆದಿಂಬು ಮಾಡುವಷ್ಟು ಪುರುಸೊತ್ತು ಅವರಿಗಿತ್ತು ಎನ್ನುವುದು ನನ್ನನ್ನು ಇನ್ನೂ ಕಾಡುತ್ತದೆ. ಅವರು ಈ ಜಾಗವನ್ನು ಏನೆಂದು ಕರೆಯುತ್ತಿದ್ದರೋ.

ಕಳೆದ ಬಾರಿ ಹೋದಾಗ ಸ್ನಾನ ಮುಗಿಸಿ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಆಚೆ ದಡವನ್ನೇ ಸ್ವಲ್ಪ ಹೊತ್ತು ನೋಡಿ, “ಅಲ್ಲೇನವ್ವಾ? ಅಲ್ಲಿ ನಾವು ದನ ಮೇಯ್ಸಿದ್ದೀವಲ್ಲ!” ಎಂದರು.