‘ತಮ್ಮ ವಿಧೇಯ ವಿದ್ಯಾರ್ಥಿ’

ರಜೆ ಅರ್ಜಿಯ ಕೊನೆಗೆ ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆಯುವುದನ್ನು ನಿಮಗೆಲ್ಲ ಕಲಿಸಿದವನು ನಾನೇ. ಹಾಗೆ ಬರೆದುಕೊಟ್ಟು ಜಾತ್ರೆಗೆ ಹೋದವರು ಯಾರಾರೆಂಬುದೂ ನನಗೆ ಗೊತ್ತು. ಅದಿರಲಿ. ಮೊನ್ನೆ ಮನೆಗೆ ಬಂದಿದ್ದ ಬೆಟಗೇರಿಯ ಹಳೆಯ ಶಿಷ್ಯನೊಬ್ಬ ಕೇಳಿದ: “ಸರ್, ದೇವರಿಗೆ ಪೂರ್ಣ ಹೃದಯದಿಂದ ವಿಧೇಯರಾಗಿರಿ ಎಂಬ ಪ್ರಸಂಗ ಕೇಳುತ್ತಲೇ ಚರ್ಚಿನಲ್ಲಿ ಬೆಳೆದವನು ನಾನು. ವಿಧೇಯತೆ ಎಂದರೆ ಪ್ರಶ್ನೆ ಮಾಡದಿರುವುದೇ?” ಆಗ ಉತ್ತರ ಹೊಳೆಯಲಿಲ್ಲ. ನಾನು ಕ್ರೈಸ್ತನಲ್ಲ, ಇತಿಹಾಸ ಪಾಠ ಮಾಡಿದವನು. ಆದ್ದರಿಂದ ನಮ್ಮ ನೆಲದ ಇತಿಹಾಸದಲ್ಲಿಯೇ ಹುಡುಕಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1841ರಲ್ಲಿ ನಮ್ಮ ಬೆಟಗೇರಿಗೂ ಬಂದಿತು. ಬಂದವರಲ್ಲಿ ಹೆಚ್ಚಿನವರು ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಬಾಸೆಲ್‌ನಲ್ಲಿದ್ದ ಮಂಡಳಿಯ ಆಜ್ಞೆ ಅವರ ಪಾಲಿಗೆ ಹೆಚ್ಚುಕಡಿಮೆ ದೇವರ ಆಜ್ಞೆಯೇ ಆಗಿತ್ತು. ಮಂಡಳಿಯ ಅಪ್ಪಣೆಯಿಲ್ಲದೆ ಮದುವೆಯಿಲ್ಲ. ಮುಖವನ್ನೇ ನೋಡದ ವರನನ್ನು ವರಿಸಲು ಹಡಗು ಹತ್ತಿ ಬಂದ ಕನ್ಯೆಯರೂ ಉಂಟು. ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಯುರೋಪಿಗೆ ಕಳುಹಿಸಬೇಕಾಗುತ್ತಿತ್ತು. ಮಲಯಾಳಂ ನಿಘಂಟುಕಾರ ಗುಂಡರ್ಟರ ಮಗಳು, ಮುಂದೆ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿಯಾದ ಮೇರಿ, ಹೀಗೆಯೇ ತಾಯಿತಂದೆಯರಿಂದ ದೂರವಾಗಿ ಬೆಳೆದವಳು. ಇದು ದೇವರಿಗೆ ತೋರಿದ ವಿಧೇಯತೆಯೋ ಮಂಡಳಿಗೆ ತೋರಿದ್ದೋ ಎಂದು ಬೇರ್ಪಡಿಸುವುದು ಸುಲಭವಲ್ಲ.

ಗದಗಿನ ಪಕ್ಕದ ಮಲ್ಲಸಮುದ್ರವನ್ನು ನೀವೆಲ್ಲ ಬಲ್ಲಿರಿ. 1840ರ ಸುಮಾರಿಗೆ ಕಾಲಜ್ಞಾನದ ವಚನಗಳನ್ನು ನಂಬಿದ್ದ ಪಂಥವೊಂದು ಸಾಮೂಹಿಕವಾಗಿ ಕ್ರೈಸ್ತಧರ್ಮಕ್ಕೆ ಬರುವುದೆಂದು ಮಿಶನರಿಗಳು ಹಿಗ್ಗಿದರು. ಅಲ್ಲಿ ಒಕ್ಕಲುತನದ ವಸಾಹತನ್ನೂ ಹೂಡಿದರು. ನಿರೀಕ್ಷೆ ಹುಸಿಯಾಯಿತು, ವಸಾಹತೂ ಉಳಿಯಲಿಲ್ಲ. ದೇವರೇ ಕರೆದನೆಂದು ಹೋದ ಕಡೆಯಲ್ಲಿ ಬೆಳೆ ಬರಲಿಲ್ಲ. ಆದರೂ ಅವರು ಈ ಸೀಮೆಯನ್ನು ಬಿಟ್ಟು ಓಡಲಿಲ್ಲ.

ಮತಾಂತರಗೊಂಡ ಸ್ಥಳೀಯರ ಕಥೆ ಇನ್ನೂ ಕಠಿಣ. ಹಡಗು ಹತ್ತಿ ಊರಿಗೆ ಮರಳುವ ದಾರಿ ಅವರಿಗಿರಲಿಲ್ಲ. ಜಾತಿ ಹೋದರೆ ನೆಂಟಸ್ತಿಕೆ ಹೋಯಿತು, ಹಿರಿಯರ ಆಸ್ತಿಯೂ ಹೋಯಿತು. ಧರ್ಮ ಬಿಟ್ಟವನ ವಾರಸು ಹಕ್ಕನ್ನು ಕಾಯುವ 21ನೆಯ ಕಾಯಿದೆ ಬಂದದ್ದು 1850ರಲ್ಲಿ. ಕಾಯಿದೆಯ ಪುಸ್ತಕದಿಂದ ಮನೆಯ ಹೊಸ್ತಿಲವರೆಗಿನ ದೂರ ಎಷ್ಟೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇವರ ವಿಧೇಯತೆಯ ಬಗ್ಗೆ ಬರೆದವರು ಕಡಿಮೆ.

ಶಿಷ್ಯನ ಪ್ರಶ್ನೆಗೆ ಹತ್ತಿರದ ಉತ್ತರ ನನಗೆ ಸಿಕ್ಕಿದ್ದು ಫರ್ಡಿನಾಂಡ್ ಕಿಟೆಲ್ ಅವರಲ್ಲಿ. 1853ರಲ್ಲಿ ಬಂದ ಈ ತರುಣ ಭಾರತೀಯರ ನಡುವೆ ಭಾರತೀಯನಂತೆಯೇ ಬಾಳಲು ಹಂಬಲಿಸಿದರು. ಮಂಡಳಿಗೆ ಅದು ಹಿಡಿಸಲಿಲ್ಲ, ಘರ್ಷಣೆಯಾಯಿತು. ಕಿಟೆಲ್ ವಾದಿಸಿದರು, ಆದರೆ ಬಿಟ್ಟು ಹೋಗಲಿಲ್ಲ. ಒಮ್ಮೆ ಜರ್ಮನಿಗೆ ಮರಳಿದವರು 1883ರಲ್ಲಿ, ಐವತ್ತು ದಾಟಿದ ಮೇಲೆ, ನಿಘಂಟಿಗಾಗಿಯೇ ಮತ್ತೆ ಬಂದರು. ಕಣ್ಣು ಮಂಜಾಗುತ್ತಿದ್ದರೂ ಶಬ್ದಗಳನ್ನು ಕೂಡಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಸುಮಾರು 70,000 ಶಬ್ದಗಳಿವೆ.

ಬೈಬಲ್ಲಿನಲ್ಲಿಯೂ ಇದೇ ಬಗೆ ಕಾಣುತ್ತದೆ. ಸೊದೋಮ್ ಪಟ್ಟಣವನ್ನು ಉಳಿಸೆಂದು ಅಬ್ರಹಾಮನು ದೇವರೊಡನೆಯೇ ಚೌಕಾಸಿ ಮಾಡುತ್ತಾನೆ. ಗೆತ್ಸೇಮನೆ ತೋಟದಲ್ಲಿ ಯೇಸು ಸಂಕಟದ ಪಾತ್ರೆಯನ್ನು ತಪ್ಪಿಸೆಂದು ಮೊದಲು ಬೇಡಿ, ಬಳಿಕವಷ್ಟೇ ತಂದೆಯ ಚಿತ್ತಕ್ಕೆ ತಲೆಬಾಗುತ್ತಾನೆ. ಕೇಳಿದ ಮೇಲೆ ಒಪ್ಪಿದ ಹೃದಯವಲ್ಲವೇ ಪೂರ್ಣ ಹೃದಯ?

ಕೈಕಟ್ಟಿ ಕುಳಿತವನೇ ವಿಧೇಯನೆಂದು ನಾನು ಬಹಳ ವರ್ಷ ನಂಬಿದ್ದೆ. ಪಾಠದ ನಡುವೆ ‘ಯಾಕೆ ಸರ್?’ ಎಂದ ಹುಡುಗನೊಬ್ಬನನ್ನು ತಾಸಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಮೊನ್ನೆ ಮನೆಗೆ ಬಂದಿದ್ದವನು ಅವನೇ.