ಪೂರ್ವಜರ ತಟ್ಟೆಯಲ್ಲಿ ಮಾಂಸವೆಷ್ಟು, ಸೊಪ್ಪೆಷ್ಟು?

ಆಹಾರದ ವಿಷಯದಲ್ಲಿ ಜಗಳ ಬಂದಾಗಲೆಲ್ಲ ನಾವು ಪೂರ್ವಜರನ್ನು ಸಾಕ್ಷಿಗೆ ಕರೆಯುತ್ತೇವೆ. ನಮ್ಮ ನಾಡಿನ ಹಿರಿಯರು ಮಾಂಸ ಮುಟ್ಟಿದವರೇ ಅಲ್ಲ, ಅದು ಹೊರಗಿನಿಂದ ಬಂದ ಚಾಳಿ ಎನ್ನುವವರು ಒಂದು ಕಡೆ. ಆದಿಮಾನವ ಬೇಟೆಯಾಡಿ ಬದುಕಿದವನು, ಆದ್ದರಿಂದ ಮಾಂಸ ಮತ್ತು ಕೊಬ್ಬಿದ್ದರೆ ಸಾಕು, ತರಕಾರಿಯ ಗೊಡವೆಯೇ ಬೇಡ ಎನ್ನುವವರು ಇನ್ನೊಂದು ಕಡೆ. ಮೊದಲನೆಯ ಮಾತು ನಮ್ಮಲ್ಲಿ ಹಳೆಯದು. ಎರಡನೆಯದು ಪಶ್ಚಿಮದ ದೇಶಗಳಿಂದ ಬಂದದ್ದು. ಸಕ್ಕರೆ ಕಾಯಿಲೆ, ಬೊಜ್ಜುಗಳಿಂದ ಬೇಸತ್ತ ನಮ್ಮ ಪಟ್ಟಣಗಳ ಮನೆಗಳಿಗೂ ಅದೀಗ ಕಾಲಿಟ್ಟಿದೆ. ಎರಡೂ ಚರಿತ್ರೆಯ ಹೆಸರಿನಲ್ಲಿ ಆಡುವ ಮಾತುಗಳಾದ್ದರಿಂದ ಚರಿತ್ರೆಯನ್ನೇ ಕೇಳಿ ನೋಡುವುದು ಒಳ್ಳೆಯದು.

ವಿದ್ವಾಂಸರಲ್ಲಿಯೂ ಈ ಬಗ್ಗೆ ಒಮ್ಮತವಿಲ್ಲ. 1966ರಲ್ಲಿ ಷಿಕಾಗೊದಲ್ಲಿ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವ ಸಮಾಜಗಳ ಕುರಿತು ಒಂದು ಸಮ್ಮೇಳನ ನಡೆಯಿತು. ಅದರ ಹೆಸರು 'ಮ್ಯಾನ್ ದ ಹಂಟರ್', ಅಂದರೆ ಬೇಟೆಗಾರ ಮಾನವ. ಆದರೆ ಅಲ್ಲಿ ಎಲ್ಲರ ಗಮನ ಸೆಳೆದದ್ದು ರಿಚರ್ಡ್ ಲೀ ಅವರು ದಕ್ಷಿಣ ಆಫ್ರಿಕದ ಕಲಹಾರಿ ಮರುಭೂಮಿಯ ಕುಂಗ್ ಜನರ ಬಗ್ಗೆ ಕೊಟ್ಟ ಲೆಕ್ಕ. ಆ 'ಬೇಟೆಗಾರರ' ಆಹಾರದಲ್ಲಿ ಸುಮಾರು ಮೂರನೇ ಎರಡು ಪಾಲು ಗೆಡ್ಡೆ, ಹಣ್ಣು ಮತ್ತು ಮೊಂಗೊಂಗೊ ಎಂಬ ಕಾಡುಬೀಜದಿಂದ ಬರುತ್ತಿತ್ತು. ಅದರ ಬಹುಭಾಗವನ್ನು ಸಂಗ್ರಹಿಸುತ್ತಿದ್ದವರು ಹೆಂಗಸರು. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬಿಬ್ಬರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಶಿಲಾಯುಗದ ಆಹಾರದ ಬಗ್ಗೆ ಬರೆದಾಗ ಶೇ. 35 ಮಾಂಸ, ಶೇ. 65 ಸಸ್ಯ ಎಂಬ ಅಂದಾಜನ್ನು ಮುಂದಿಟ್ಟರು. ಆದರೆ 2000ದಲ್ಲಿ ಲೊರೆನ್ ಕಾರ್ಡೇನ್ ಮತ್ತು ಸಂಗಡಿಗರು 229 ಸಮಾಜಗಳ ದಾಖಲೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 73ರಷ್ಟು ಸಮಾಜಗಳು ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಪ್ರಾಣಿಜನ್ಯ ಆಹಾರದಿಂದ ಪಡೆಯುತ್ತಿದ್ದವು ಎಂದರು. ಒಂದೇ ಪ್ರಶ್ನೆಗೆ ಇಷ್ಟು ಬೇರೆ ಬೇರೆ ಉತ್ತರಗಳು ಬರಲು ಕಾರಣವಿದೆ. ಹಿಮದ ನಾಡಿನ ಜನರನ್ನೂ ಬಿಸಿಲ ನಾಡಿನ ಜನರನ್ನೂ ಕೂಡಿಸಿ ಸರಾಸರಿ ತೆಗೆದರೆ, ಯಾರ ತಟ್ಟೆಗೂ ಹೊಂದದ ಅಂಕಿಯೊಂದು ಉಳಿಯುತ್ತದೆ.

ಬರೀ ಮಾಂಸದ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ಎತ್ತಿ ತೋರಿಸುವುದು ಉತ್ತರ ಧ್ರುವದ ಇನುಯಿಟ್ ಜನರನ್ನು. ಹಿಂದೆ ಇವರನ್ನು ಎಸ್ಕಿಮೋ ಎಂದು ಕರೆಯಲಾಗುತ್ತಿತ್ತು. ವಿಲ್ಯಾಲ್ಮರ್ ಸ್ಟೆಫಾನ್ಸನ್ ಎಂಬ ಅನ್ವೇಷಕ 1906ರಿಂದ ವರ್ಷಗಟ್ಟಲೆ ಅವರ ಜೊತೆ ಬಾಳಿ, ಅವರು ಉಂಡದ್ದನ್ನೇ ಉಂಡು ಆರೋಗ್ಯವಾಗಿ ಮರಳಿದ. ಜನ ನಂಬಲಿಲ್ಲ. 1928ರಲ್ಲಿ ಆತ ಮತ್ತು ಆತನ ಜೊತೆಗಾರ ಕಾರ್ಸ್ಟೆನ್ ಆಂಡರ್ಸನ್, ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಒಂದು ವರ್ಷ ಮಾಂಸ ಮಾತ್ರ ತಿಂದು ತೋರಿಸಲು ಒಪ್ಪಿದರು. ಇದಕ್ಕೆ ಅಮೆರಿಕದ ಮಾಂಸೋದ್ಯಮಿಗಳ ಸಂಸ್ಥೆಯ ಹಣದ ನೆರವಿತ್ತು ಎಂಬುದನ್ನೂ ಹೇಳಬೇಕು. ಇಬ್ಬರೂ ವರ್ಷ ಪೂರೈಸಿದರು, ಸ್ಕರ್ವಿ ಬರಲಿಲ್ಲ. ಆದರೆ ಈ ಕತೆ ಹೇಳುವವರು ಒಂದು ಭಾಗವನ್ನು ಬಿಟ್ಟುಬಿಡುತ್ತಾರೆ. ಆರಂಭದಲ್ಲಿ ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಡಲಾಗಿತ್ತು. ಕೆಲವೇ ದಿನಗಳಲ್ಲಿ ಹೊಟ್ಟೆ ಕೆಟ್ಟು ಆತ ಹಾಸಿಗೆ ಹಿಡಿದ. ಕೊಬ್ಬು ಸೇರಿಸಿದ ಮೇಲೆಯೇ ಸುಧಾರಿಸಿಕೊಂಡದ್ದು. ಮುಂದೆ ಅವರಿಬ್ಬರಿಗೂ ಬೇಕಾದ ಶಕ್ತಿಯ ಮುಕ್ಕಾಲು ಪಾಲು ಬಂದದ್ದು ಕೊಬ್ಬಿನಿಂದ.

ಇನುಯಿಟ್ ಜನ ಪ್ರಾಣಿಯ ತೊಡೆಯನ್ನಷ್ಟೇ ತಿಂದು ಉಳಿದುದನ್ನು ಎಸೆಯುವವರಲ್ಲ. ಯಕೃತ್ತು, ಮಜ್ಜೆ, ಸೀಲ್‌ನ ಕೊಬ್ಬು ಎಲ್ಲವೂ ಅವರ ಊಟವೇ. ತಿಮಿಂಗಿಲದ ಚರ್ಮವನ್ನು ಹಸಿಯಾಗಿಯೇ ತಿನ್ನುತ್ತಾರೆ. ಅದರಲ್ಲಿ 100 ಗ್ರಾಮಿಗೆ 30 ಮಿಲಿಗ್ರಾಮಿಗೂ ಹೆಚ್ಚು ಸಿ ಜೀವಸತ್ವ ಇದೆ. ಬೇಯಿಸಿದರೆ ಇದು ನಷ್ಟವಾಗುತ್ತದೆ. ಅವರ ಅಲ್ಪಾವಧಿಯ ಬೇಸಿಗೆಯಲ್ಲಿ ಹೆಂಗಸರು ಮಕ್ಕಳು ಕಾಡುಹಣ್ಣು, ಬೇರು, ಎಲೆಗಳನ್ನು ಆಯ್ದು ತರುತ್ತಾರೆ, ಸಮುದ್ರದ ಪಾಚಿಯನ್ನೂ ತಿನ್ನುತ್ತಾರೆ. ಕೊಬ್ಬಿನ ಆಹಾರಕ್ಕೆ ಆ ಜನರ ದೇಹದ ಅನುವಂಶಿಕ ಗುಣವೇ ಸಾವಿರಾರು ವರ್ಷಗಳಲ್ಲಿ ಹೊಂದಿಕೊಂಡಿದೆ ಎಂಬುದನ್ನು 2015ರಲ್ಲಿ ಗ್ರೀನ್‌ಲ್ಯಾಂಡಿನ ಜನರ ಮೇಲೆ ನಡೆದ ಅಧ್ಯಯನ ತೋರಿಸಿದೆ. ಸೊಪ್ಪು ಬೆಳೆಯದ ನೆಲದಲ್ಲಿ ಬದುಕಲು ಅವರು ಕಂಡುಕೊಂಡ ಜಾಣ್ಮೆ ಅದು.

ಆ ಜಾಣ್ಮೆ ಇಲ್ಲದವರ ಗತಿ ಏನಾಯಿತೆಂಬುದಕ್ಕೆ ನಮ್ಮ ಕರಾವಳಿಯ ಪಕ್ಕದಲ್ಲೇ ಒಂದು ನಿದರ್ಶನವಿದೆ. ವಾಸ್ಕೋ ಡ ಗಾಮನ ಹಡಗುಗಳು 1498ರ ಅಕ್ಟೋಬರಿನಲ್ಲಿ ಕಾರವಾರದ ಸಮೀಪದ ಅಂಜದೀವ ದ್ವೀಪದಿಂದ ಆಫ್ರಿಕದ ಕಡೆಗೆ ಮರುಪ್ರಯಾಣ ಹೊರಟವು. ಗಾಳಿ ಪ್ರತಿಕೂಲವಾಗಿ ಅರಬ್ಬಿ ಸಮುದ್ರ ದಾಟಲು ಮೂರು ತಿಂಗಳು ಹಿಡಿಯಿತು. ಒಣರೊಟ್ಟಿ, ಉಪ್ಪು ಹಾಕಿದ ಮಾಂಸ ತಿಂದುಕೊಂಡಿದ್ದ ನಾವಿಕರ ಒಸಡುಗಳು ಬಾತು, ಮೈ ಊದಿ, ಸುಮಾರು 30 ಮಂದಿ ಸಮುದ್ರದಲ್ಲೇ ಸತ್ತರು. ಮಲಿಂದಿ ಬಂದರು ತಲುಪಿದೊಡನೆ ಅವರು ಹುಡುಕಿದ್ದು ಕಿತ್ತಳೆ ಹಣ್ಣುಗಳನ್ನು. ಹಸಿ ಮಾಂಸ ಕೊಡುವುದನ್ನು ಉಪ್ಪಿನ ಮಾಂಸ ಕೊಡಲಾರದು. ಚೆನ್ನಾಗಿ ಬೇಯಿಸಿದ ಮಾಂಸವೂ ಅಷ್ಟಾಗಿ ಕೊಡಲಾರದು. ನಾವು ಮಾಂಸವನ್ನು ಬೇಯಿಸಿಯೇ ತಿನ್ನುವವರು ಎಂಬುದನ್ನು ಇಲ್ಲಿ ನೆನಪಿಡಬೇಕು.

ಇನ್ನೊಂದು ಮಾತು. ಭೂಮಿಯೊಳಗೆ ಎಲುಬು ಸಾವಿರಾರು ವರ್ಷ ಉಳಿಯುತ್ತದೆ, ಎಲೆ ಕೊಳೆತು ಹೋಗುತ್ತದೆ. ಹೀಗಾಗಿ ಉತ್ಖನನಗಳಲ್ಲಿ ಎಲ್ಲೆಲ್ಲೂ ಎಲುಬಿನ ರಾಶಿಯೇ ಸಿಕ್ಕಿ, ಆದಿಮಾನವ ಮಾಂಸವನ್ನಷ್ಟೇ ತಿಂದ ಎಂಬ ಭಾವನೆ ಬಲವಾಯಿತು. 1989ರಲ್ಲಿ ಗಲಿಲೀ ಸರೋವರದ ನೀರು ಇಳಿದಾಗ ಓಹಾಲೋ ಎಂಬಲ್ಲಿ 23,000 ವರ್ಷ ಹಳೆಯ ನೆಲೆಯೊಂದು ಕಾಣಿಸಿತು. ಕೆಸರಿನಡಿ ಗಾಳಿಯಾಡದೆ ಉಳಿದಿದ್ದ ಅಲ್ಲಿನ ಸುಟ್ಟ ಗುಡಿಸಲುಗಳಲ್ಲಿ 140ಕ್ಕೂ ಹೆಚ್ಚು ಬಗೆಯ ಸಸ್ಯಗಳ ಕುರುಹುಗಳು ದೊರೆತವು. ಅವುಗಳಲ್ಲಿ ಕಾಡುಗೋಧಿ ಮತ್ತು ಕಾಡುಜವೆ ಇದ್ದವು. ಬೇಸಾಯ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಕಾಲವದು. ಮೊರಾಕ್ಕೊದ ತಫೊರಾಲ್ಟ್ ಗುಹೆಯಲ್ಲಿ ಸುಮಾರು 15,000 ವರ್ಷಗಳ ಹಿಂದೆ ಬದುಕಿದ್ದವರ ಹಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಳುಕಾಗಿವೆ. ಪಿಷ್ಟ ತುಂಬಿದ ಓಕ್ ಮರದ ಕಾಯಿಗಳನ್ನು ಹೇರಳವಾಗಿ ತಿಂದದ್ದೇ ಇದಕ್ಕೆ ಕಾರಣವೆಂದು ವಿದ್ವಾಂಸರು ಊಹಿಸುತ್ತಾರೆ. 2024ರಲ್ಲಿ ಅದೇ ಎಲುಬು ಹಲ್ಲುಗಳ ರಾಸಾಯನಿಕ ಪರೀಕ್ಷೆಯೂ ಅವರ ಆಹಾರದಲ್ಲಿ ಸಸ್ಯಗಳ ಪಾಲು ದೊಡ್ಡದಿತ್ತೆಂದು ಹೇಳಿತು. ಅವರು ಕಾಡುಕುರಿಯನ್ನು ಬೇಟೆಯಾಡಿದವರೂ ಹೌದು.

ಆಹಾರಕ್ಕೂ ನೆಲಕ್ಕೂ ಇರುವ ಈ ಸಂಬಂಧವನ್ನು ಹದಿನಾಲ್ಕನೇ ಶತಮಾನದಲ್ಲೇ ಇಬ್ನ್ ಖಲ್ದೂನ್ ಗುರುತಿಸಿದ್ದರು. 1377ರಲ್ಲಿ ಬರೆದ 'ಮುಕದ್ದಿಮಾ'ದಲ್ಲಿ, ಧಾನ್ಯ ಸಿಗದೆ ಹೆಚ್ಚಾಗಿ ಹಾಲಿನ ಮೇಲೆಯೇ ಬದುಕುವ ಮರುಭೂಮಿಯ ಜನರು, ಎಲ್ಲವೂ ಸಮೃದ್ಧವಾಗಿರುವ ನಾಡಿನವರಿಗಿಂತ ಗಟ್ಟಿಮುಟ್ಟಾಗಿರುತ್ತಾರೆ ಎಂದು ಅವರು ಬರೆದರು. ದೇಹ ಯಾವ ಆಹಾರಕ್ಕೆ ರೂಢಿಯಾಗುತ್ತದೋ ಅದೇ ಅದಕ್ಕೆ ಒಗ್ಗುತ್ತದೆ ಎಂಬುದು ಅವರ ವಿಚಾರ. ಇಂಥ ಆಹಾರವೇ ಶ್ರೇಷ್ಠ, ಉಳಿದದ್ದು ಕೀಳು ಎಂದು ಹೇಳುವವರು ಈ ಪುಟಗಳನ್ನು ಓದಬೇಕು.

ಇನ್ನು ನಮ್ಮ ಕರ್ನಾಟಕದ ಮಾತು. ಬಳ್ಳಾರಿ, ರಾಯಚೂರು, ಸುರಪುರ ಸೀಮೆಗಳಲ್ಲಿ ಬೂದಿದಿಬ್ಬಗಳಿವೆ. ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನಗಾಹಿ ಜನರು ಸೆಗಣಿಯ ರಾಶಿಗಳನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದ ದಿಬ್ಬಗಳಿವು. ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ, ದನಗಳನ್ನು ಕಡಿದು ಮಾಂಸ ಮಾಡುತ್ತಿದ್ದ ನೆಲವೇ ಬೆಳಕಿಗೆ ಬಂತು. ಹಿರಿಯರು ಮಾಂಸ ಮುಟ್ಟಿಲ್ಲ ಎನ್ನುವವರಿಗೆ ಈ ಮಣ್ಣೇ ಉತ್ತರ ಕೊಡುತ್ತದೆ. ಅದೇ ಕಾಲದ ಸಂಗನಕಲ್ಲು, ಹಳ್ಳೂರುಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟು ಕರಿಕಾದ ಕಾಳುಗಳು ಸಿಕ್ಕವು. ಹುರುಳಿ, ಹೆಸರು, ಕೊರಲೆಗಳು ಅವುಗಳಲ್ಲಿ ಮುಖ್ಯ. ಮಾಂಸವೊಂದೇ ಸಾಕು ಎನ್ನುವವರಿಗೂ ಅದೇ ಮಣ್ಣು ಉತ್ತರ ಕೊಡುತ್ತದೆ. ನಾಲ್ಕು ಸಾವಿರ ವರ್ಷಗಳ ನಂತರವೂ ನಮ್ಮ ಹಳ್ಳಿಗಳಲ್ಲಿ ಹುರುಳಿಸಾರು ಕುದಿಯುತ್ತಿದೆ.

ಮಾಂಸ ಮತ್ತು ತರಕಾರಿಯನ್ನು ಎದುರಾಳಿಗಳನ್ನಾಗಿ ಮಾಡಿದ್ದು ನಮ್ಮ ವಾದಗಳೇ ಹೊರತು ಅಡುಗೆಮನೆಗಳಲ್ಲ. 1226ರಲ್ಲಿ ಬಗ್ದಾದಿನಲ್ಲಿ ಬರೆದ 'ಕಿತಾಬುತ್ತಬೀಖ್' ಎಂಬ ಪಾಕಗ್ರಂಥದಲ್ಲಿ ಎಷ್ಟೋ ಮಾಂಸದಡುಗೆಗಳಿಗೆ ತರಕಾರಿಯ ಹೆಸರೇ ಇದೆ. ಪಾಲಕದ್ದು ಇಸ್ಫಾನಾಖಿಯ್ಯಾ, ಟರ್ನಿಪ್ ಗೆಡ್ಡೆಯದ್ದು ಶಲ್ಜಮಿಯ್ಯಾ. ನಮ್ಮ ಮನೆಗಳ ಪಾಲಕ್ ಗೋಷ್ತ್, ಶಲ್ಗಮ್ ಗೋಷ್ತ್‌ಗಳೂ ಇದೇ ಬಗೆಯವು. ಕಲಬುರಗಿ, ಬೀದರ್ ಕಡೆ ಪುಂಡಿಸೊಪ್ಪು ಹಾಕಿ ಮಾಂಸ ಬೇಯಿಸುತ್ತಾರೆ. ದಾಲ್ಚಾದಲ್ಲಿ ಬೇಳೆ, ಸೋರೆಕಾಯಿ, ಮಾಂಸ ಮೂರೂ ಕೂಡುತ್ತವೆ. ಇದರಲ್ಲಿ ರುಚಿಯಷ್ಟೇ ಲೆಕ್ಕಾಚಾರವೂ ಇದೆ. ಅರ್ಧ ಕಿಲೋ ಮಾಂಸ ತಂದು ಏಳೆಂಟು ಮಂದಿಗೆ ಬಡಿಸಬೇಕಾದ ತಾಯಿಗೆ ಸೋರೆಕಾಯಿ, ಬೇಳೆಗಳೇ ಆಸರೆ. ಮಾಂಸವನ್ನಷ್ಟೇ ತಿಂದು ಬದುಕಿ ಎನ್ನುವ ಉಪದೇಶ ಉಳ್ಳವರಿಗೆ ಮಾತ್ರ ಸಲ್ಲುತ್ತದೆ.

ಹಾಗಾದರೆ ಮಾಂಸ ತಿನ್ನುವ ನಾವು ತರಕಾರಿ ಎಷ್ಟು ತಿನ್ನಬೇಕು? ತಿಮಿಂಗಿಲದ ಹಸಿ ಚರ್ಮ ತಿನ್ನುವವರಿಗೆ ಕಡಿಮೆ ಸಾಕಾಯಿತು. ಬೇಯಿಸಿದ ಕುರಿ, ಕೋಳಿ ತಿನ್ನುವ ನಮಗೆ ಸಾಲದು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮದುವೆಮನೆಯ ಬಿರಿಯಾನಿಯ ಪಕ್ಕದಲ್ಲಿ ಇಡುವ ಎರಡು ಚೂರು ಈರುಳ್ಳಿಯಿಂದ ಈ ಲೆಕ್ಕ ತುಂಬುವುದಿಲ್ಲ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಂತೂ ಪೂರ್ವಜರ ಹೆಸರು ಕೇಳಿ ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

2021ರ ಡಿಸೆಂಬರಿನಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲಾರಂಭಿಸಿದಾಗ ಸಂಸ್ಕೃತಿಯ ಹೆಸರಿನಲ್ಲಿ ವಿರೋಧ ಬಂತು. ಬೂದಿದಿಬ್ಬಗಳಿರುವ ನಾಡಿಗೆ ಹೊಂದಿಕೊಂಡ ಸೀಮೆಯದು. ಅಲ್ಲಿಯ ಬಡಮಕ್ಕಳ ಮೈಗೆ ಬೇಕಾದ್ದು ಮೊಟ್ಟೆಯೂ ಹೌದು, ಸೊಪ್ಪೂ ಹೌದು. ಇದನ್ನೇ ತಿನ್ನಬೇಕೆಂದು ಬೆದರಿಸುವುದಾಗಲೀ, ಇದನ್ನು ತಿನ್ನಬಾರದೆಂದು ತಟ್ಟೆ ಕಸಿಯುವುದಾಗಲೀ ಪೂರ್ವಜರಿಗೆ ಸಲ್ಲಿಸುವ ಗೌರವವಲ್ಲ. ಅವರು ತಮ್ಮ ನೆಲ ಕೊಟ್ಟದ್ದನ್ನು ಹಂಚಿಕೊಂಡು ಉಂಡರು.