ಸೊಪ್ಪಿನ ಹೆಸರಿನ ಸಂಗೀತ

ಕ್ರೌಟ್‌ರಾಕ್

ಜರ್ಮನಿಯ ಕ್ಯಾನ್, ನೊಯ್, ಟ್ಯಾಂಜರೀನ್ ಡ್ರೀಮ್ ತಂಡಗಳ ಹಳೆಯ ಆಲ್ಬಂ ಹುಡುಕಿದವರಿಗೆ ಈ ಪದ ಎದುರಾಗದೆ ಇರದು. ಜರ್ಮನ್ ಪದವೆಂದೇ ಹಲವರು ತಿಳಿದಿದ್ದಾರೆ. ಅದು ಅರ್ಧ ನಿಜ.

ಜರ್ಮನ್‌ನಲ್ಲಿ ಕ್ರೌಟ್ ಎಂದರೆ ಸೊಪ್ಪು, ಮೂಲಿಕೆ. ದಕ್ಷಿಣದ ಕಡೆ ಎಲೆಕೋಸು. ಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪು ಬೆರೆಸಿ ಹುಳಿ ಬರಿಸಿದರೆ ಸೌವರ್‌ಕ್ರೌಟ್. ಹೊಲದ ಕಳೆ ‘ಉನ್‌ಕ್ರೌಟ್’. ಡಚ್ಚರ ‘ಕ್ರೌಯ್ಟ್’ ಇದರ ದಾಯಾದಿ. ಅವರಿಗೆ ಲವಂಗವೆಂದರೆ ‘ಕ್ರೌಯ್ಟ್‌ನಾಗೆಲ್’, ಅಂದರೆ ಮಸಾಲೆಮೊಳೆ. ಲವಂಗ ನೋಡಿದವರು ಯಾರೂ ಅಲ್ಲವೆನ್ನಲಾರರು!

ಮಹಾಯುದ್ಧಗಳ ಕಾಲಕ್ಕೆ, ಸೌವರ್‌ಕ್ರೌಟ್ ತಿನ್ನುವವರೆಂದು, ಇಂಗ್ಲಿಷ್ ಮಾತಾಡುವ ಸೈನಿಕರ ಬಾಯಲ್ಲಿ ಕ್ರೌಟ್ ಜರ್ಮನ್ನರನ್ನು ಹೀಗಳೆಯುವ ಮಾತಾಯಿತು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಂಗೀತ ಪತ್ರಿಕೆಗಳು ಅದರ ಬಾಲಕ್ಕೆ ರಾಕ್ ಕಟ್ಟಿದವು. ಜರ್ಮನಿಯಲ್ಲಿ ಓಡಾಡುತ್ತಿದ್ದ ‘ಕೋಸ್ಮಿಶೆ ಮುಸಿಕ್’, ಅಂದರೆ ಬ್ರಹ್ಮಾಂಡ ಸಂಗೀತ, ಎಂಬ ಹೆಸರು ಎಷ್ಟೋ ಗಂಭೀರ. ಉಳಿದದ್ದು ಮಾತ್ರ ಕೋಸು. ಜರ್ಮನಿಯದೇ ಆದ ಫೌಸ್ಟ್ ತಂಡ ಮುನಿಸಿಕೊಳ್ಳಲಿಲ್ಲ. 1973ರ ‘ಫೌಸ್ಟ್ 4’ ಆಲ್ಬಂನ ಮೊದಲ ರಚನೆಗೇ ‘ಕ್ರೌಟ್‌ರಾಕ್’ ಎಂದು ಹೆಸರಿಟ್ಟು, ಸುಮಾರು 12 ನಿಮಿಷ ಒಂದೇ ಗುಂಯ್‌ಗುಡುವ ಲಯವನ್ನು ಹಿಡಿದು ಕೂತಿತು. ಗೇಲಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕೇಳಿಲ್ಲ.

ಈಗ ಜರ್ಮನಿಯ ಎಲ್ಲ ಎಲೆಕ್ಟ್ರಾನಿಕ್ ಸಂಗೀತಕ್ಕೂ ಈ ಚೀಟಿ ಅಂಟಿಸುವುದುಂಟು. ಆದರೆ ಕ್ರಾಫ್ಟ್‌ವೆರ್ಕ್ ತಂಡದ ‘ಆಟೋಬಾನ್’ (1974) ಕೇಳಿ: ಕಾರಿನ ಬಾಗಿಲು ಧಡ್ಡನೆ ಮುಚ್ಚುತ್ತದೆ, ಎಂಜಿನ್ ಶುರುವಾಗುತ್ತದೆ, ಹಾರ್ನ್ ಕೂಗುತ್ತದೆ. ಆ ಕಾರು ಕ್ರೌಟ್‌ರಾಕ್‌ನ ಊರು ದಾಟಿ ಹೊರಟಿತ್ತು.

ಆಲ್ಬಂಗೆ ಕ್ರೌಟ್‌ರಾಕ್ ಎನ್ನಿ, ತೊಂದರೆಯಿಲ್ಲ. ಜರ್ಮನ್ ಗೆಳೆಯರನ್ನು ಮಾತ್ರ ಕ್ರೌಟ್ ಎನ್ನಬೇಡಿ.